ಕ್ಲೌಡ್‌ನಲ್ಲಿರುವ ಪಂಚಾಯತಿ ಕಡತಗಳನ್ನು ಹೊರಗಿನವರೊಡನೆ ಹಂಚಿಕೊಳ್ಳುವ ಬಗೆ



ಪಂಚಾಯತಿಯ ದಾಖಲೆಗಳೆಲ್ಲ ಕಪಾಟಿನಲ್ಲಿದ್ದ ಕಾಲದಲ್ಲಿ ಒಂದು ಕಡತ ಕಚೇರಿಯಿಂದ ಹೊರಗೆ ಹೋಗಬೇಕಾದರೆ ಕೀಲಿ ಇದ್ದವರನ್ನು ಕೇಳಬೇಕಿತ್ತು, ವಹಿಯಲ್ಲಿ ಸಹಿ ಹಾಕಬೇಕಿತ್ತು, ಹಿಂದಿರುಗಿಸಿದಾಗ ಮತ್ತೆ ಬರೆಸಬೇಕಿತ್ತು. ಇಂದು ಕ್ರಿಯಾ ಯೋಜನೆಯ ಕರಡು, ತೆರಿಗೆ ಬೇಡಿಕೆ ಪಟ್ಟಿ, ವಸತಿ ಯೋಜನೆಯ ಅರ್ಜಿಗಳ ಸ್ಕ್ಯಾನ್ ಪ್ರತಿ, ಕಾಮಗಾರಿಗಳ ಛಾಯಾಚಿತ್ರ ಮುಂತಾದವು ಗೂಗಲ್ ಡ್ರೈವ್, ಒನ್‌ಡ್ರೈವ್‌ನಂತಹ ಕ್ಲೌಡ್ ಸಂಗ್ರಹಗಳಲ್ಲಿ ಸೇರುತ್ತಿವೆ. ಕ್ಲೌಡ್ ಎಂದರೆ ಬೇರೇನೂ ಅಲ್ಲ; ನಮ್ಮ ಕಡತವು ನಮ್ಮ ಗಣಕಯಂತ್ರದಲ್ಲಿರದೆ, ಇಂಟರ್ನೆಟ್ ಮೂಲಕ ತಲುಪಬಹುದಾದ ಬೇರೊಂದು ಸಂಸ್ಥೆಯ ಗಣಕಯಂತ್ರಗಳಲ್ಲಿ ಇರುವುದು. ಅಲ್ಲಿಂದ ಅದನ್ನು ಹೊರಗಿನವರಿಗೆ ಕೊಡಲು ಒಂದು ಗುಂಡಿ ಒತ್ತಿದರೆ ಸಾಕು. ಯಾರ ಸಹಿಯೂ ಬೇಕಿಲ್ಲ.

ಪಂಚತಂತ್ರ, ಇ-ಸ್ವತ್ತು ಮೊದಲಾದ ಸರ್ಕಾರಿ ತಂತ್ರಾಂಶಗಳಿಗೆ ತಮ್ಮದೇ ಆದ ಲಾಗಿನ್ ಮತ್ತು ನಿಯಂತ್ರಣಗಳಿವೆ. ಈ ಲೇಖನವು ಅವುಗಳನ್ನು ಕುರಿತದ್ದಲ್ಲ. ಅನುಕೂಲಕ್ಕಾಗಿ ಅವುಗಳಿಂದ ಹೊರತೆಗೆದು ಎಕ್ಸೆಲ್ ಅಥವಾ ಪಿಡಿಎಫ್ ರೂಪದಲ್ಲಿ ಬೇರೆಡೆ ಇರಿಸಿಕೊಂಡ ಪ್ರತಿಗಳ ವಿಷಯವನ್ನು ಇಲ್ಲಿ ವಿವರಿಸಲಾಗಿದೆ. ಅಪಾಯವಿರುವುದು ಹೆಚ್ಚಾಗಿ ಇಂತಹ ಪ್ರತಿಗಳಲ್ಲಿಯೇ.

ಹೊರಗಿನವರು ಎಂದರೆ ಅನುಮಾನಾಸ್ಪದರು ಎಂದು ಅರ್ಥವಲ್ಲ. ಲೆಕ್ಕ ಪರಿಶೋಧಕರು, ಯೋಜನಾ ವರದಿ ಸಿದ್ಧಪಡಿಸುವ ಸಮಾಲೋಚಕರು, ಬ್ಯಾಂಕಿನವರು, ಸ್ವಯಂಸೇವಾ ಸಂಸ್ಥೆಯವರು, ಗುತ್ತಿಗೆದಾರರು, ಸಮೀಕ್ಷೆಗೆ ಬರುವ ಕಾಲೇಜು ವಿದ್ಯಾರ್ಥಿಗಳು ಇವರಿಗೆಲ್ಲ ಮಾಹಿತಿ ಕೊಡಬೇಕಾದ ಸಂದರ್ಭಗಳು ಬರುತ್ತವೆ. ಕೊಡುವುದೇ ಬೇಡ ಎಂದರೆ ಕೆಲಸ ನಿಲ್ಲುತ್ತದೆ. ಯಾರಿಗೆ, ಎಷ್ಟು, ಎಲ್ಲಿಯವರೆಗೆ ಎಂಬ ಮೂರು ಸಂಗತಿಗಳನ್ನು ನಿರ್ಧರಿಸಿಕೊಂಡು ಕೊಡಬೇಕು.

ಲಿಂಕ್ ಎಂಬುದು ಲಕೋಟೆಯಲ್ಲ

ಗೂಗಲ್ ಡ್ರೈವ್‌ನಲ್ಲಿ ಕಡತವನ್ನು ಹಂಚಲು ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು 'ರಿಸ್ಟ್ರಿಕ್ಟೆಡ್', ಅಂದರೆ ನಿರ್ಬಂಧಿತ. ಇದರಲ್ಲಿ ನಾವು ಯಾರ ಇ-ಮೇಲ್ ವಿಳಾಸವನ್ನು ಸೇರಿಸಿರುತ್ತೇವೆಯೋ ಅವರು ತಮ್ಮ ಖಾತೆಯಿಂದ ಲಾಗಿನ್ ಆದರೆ ಮಾತ್ರ ಕಡತ ತೆರೆಯುತ್ತದೆ. ಎರಡನೆಯದು 'ಎನಿವನ್ ವಿತ್ ದ ಲಿಂಕ್', ಅಂದರೆ ಲಿಂಕ್ ಇರುವ ಯಾರು ಬೇಕಾದರೂ. ಇದರಲ್ಲಿ ಹೆಸರೂ ಇಲ್ಲ, ಲಾಗಿನ್ನೂ ಇಲ್ಲ. ಲಿಂಕ್ ಯಾರ ಕೈಯಲ್ಲಿದೆಯೋ ಅವರಿಗೆ ಬಾಗಿಲು ತೆರೆದಂತೆ.

ನಾವು ಲಿಂಕನ್ನು ಒಬ್ಬರಿಗೇ ಕಳುಹಿಸಿದ್ದೇವೆ, ಆದ್ದರಿಂದ ಅದು ಒಬ್ಬರ ಬಳಿಯೇ ಇದೆ ಎಂಬ ಭಾವನೆ ವ್ಯಾಪಕವಾಗಿದೆ. ಮೊಹರು ಹಾಕಿದ ಲಕೋಟೆಯ ವಿಷಯದಲ್ಲಿ ಅದು ನಿಜ. ಲಿಂಕ್ ಮಾತ್ರ ಕೀಲಿಯ ಹಾಗೆ; ಅದರ ನಕಲನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ಸಮಾಲೋಚಕರಿಗೆ ವಾಟ್ಸ್‌ಆಪ್‌ನಲ್ಲಿ ಕಳುಹಿಸಿದ ಲಿಂಕನ್ನು ಅವರು ತಮ್ಮ ಸಹಾಯಕರಿಗೆ ಕಳುಹಿಸುತ್ತಾರೆ, ಸಹಾಯಕರು ತಮ್ಮ ಗುಂಪಿಗೆ ಹಾಕುತ್ತಾರೆ. ಇದರಲ್ಲಿ ಯಾರದೂ ದುರುದ್ದೇಶವಿರಬೇಕಾಗಿಲ್ಲ. ಎರಡು ವರ್ಷಗಳ ನಂತರವೂ ಆ ಗುಂಪಿನಲ್ಲಿರುವ ಯಾರೋ ಒಬ್ಬರು ಅದನ್ನು ಒತ್ತಿದರೆ ಕಡತ ತೆರೆದುಕೊಳ್ಳುತ್ತದೆ.

ಆದುದರಿಂದ ವೈಯಕ್ತಿಕ ವಿವರಗಳಿರುವ ಯಾವುದೇ ಕಡತವನ್ನು ಇ-ಮೇಲ್ ವಿಳಾಸ ಸೇರಿಸಿ, ನಿರ್ಬಂಧಿತ ರೀತಿಯಲ್ಲಿಯೇ ಹಂಚತಕ್ಕದ್ದು. ವಿಳಾಸವನ್ನು ಕೇಳಿ ಬರೆದುಕೊಳ್ಳುವಾಗ ಒಂದಕ್ಷರ ತಪ್ಪಿದರೂ ಅದು ಬೇರೊಬ್ಬರ ವಿಳಾಸವಾಗಿರಬಹುದು. ತಾಲ್ಲೂಕಿನಿಂದ ಅಥವಾ ಇಲಾಖೆಯಿಂದ ಎಂದು ಹೇಳಿಕೊಂಡು ಅಪರಿಚಿತ ಖಾಸಗಿ ವಿಳಾಸದಿಂದ ಕೋರಿಕೆ ಬಂದಲ್ಲಿ, ಅದೇ ಸಂದೇಶದಲ್ಲಿರುವ ಸಂಖ್ಯೆಗೆ ಕರೆ ಮಾಡದೆ, ಕಚೇರಿಯಲ್ಲಿ ಮೊದಲೇ ಇರುವ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಕಡತಕ್ಕೆ ಪ್ರವೇಶ ಕೋರಿ ಬರುವ ಸ್ವಯಂಚಾಲಿತ ಇ-ಮೇಲ್‌ಗಳಿಗೂ ಇದೇ ಕ್ರಮ. ಬಂದದ್ದಕ್ಕೆಲ್ಲ ಅನುಮತಿ ಕೊಡುತ್ತಾ ಹೋಗುವುದು ಸಲ್ಲದು.

ಇಲ್ಲಿಯೇ ಒಂದು ಮಾತು. ಮಹಿಳಾ ಸದಸ್ಯರ ಹೆಸರಿನಲ್ಲಿ ಕೊಡುವ ಇ-ಮೇಲ್ ವಿಳಾಸ ಹಲವು ಕಡೆ ಅವರ ಪತಿಯದ್ದೋ ಮಗನದ್ದೋ ಆಗಿರುತ್ತದೆ. ಆಗ ಕಡತ ನೋಡುವ ಅಧಿಕಾರ ದೊರೆಯುವುದು ಚುನಾಯಿತ ಸದಸ್ಯರಿಗಲ್ಲ, ಪಂಚಾಯತಿಗೆ ಸಂಬಂಧವೇ ಇಲ್ಲದ ವ್ಯಕ್ತಿಗೆ. ಸದಸ್ಯೆಯರು ತಮ್ಮದೇ ವಿಳಾಸ, ತಮ್ಮದೇ ಪಾಸ್‌ವರ್ಡ್ ಹೊಂದಿರುವುದು ಅವರ ಸ್ಥಾನಕ್ಕೆ ಸಲ್ಲಬೇಕಾದ ಗೌರವವೂ ಹೌದು.

ಹೆಸರು ಬಹಿರಂಗ, ಖಾತೆ ಸಂಖ್ಯೆ ಅಲ್ಲ

ಪಾರದರ್ಶಕತೆಯ ಹೆಸರಿನಲ್ಲಿ ಎಲ್ಲವನ್ನೂ ತೆರೆದಿಡಬೇಕೆಂದು ಕೆಲವರು, ಗೋಪ್ಯತೆಯ ಹೆಸರಿನಲ್ಲಿ ಏನನ್ನೂ ಕೊಡಬಾರದೆಂದು ಕೆಲವರು ವಾದಿಸುವುದುಂಟು. ಕಾನೂನು ಎರಡನ್ನೂ ಒಪ್ಪುವುದಿಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4ರಂತೆ ಸಹಾಯಧನ ಕಾರ್ಯಕ್ರಮಗಳ ಅನುಷ್ಠಾನದ ರೀತಿ, ಹಂಚಿಕೆಯಾದ ಮೊತ್ತ ಮತ್ತು ಫಲಾನುಭವಿಗಳ ವಿವರಗಳನ್ನು ಸಾರ್ವಜನಿಕ ಪ್ರಾಧಿಕಾರವು ತಾನಾಗಿಯೇ ಪ್ರಕಟಿಸಬೇಕು. ಅದೇ ವೇಳೆ, ಆಧಾರ್ ಅಧಿನಿಯಮ, 2016ರ ಪ್ರಕರಣ 29ರಂತೆ ಯಾವುದೇ ವ್ಯಕ್ತಿಯ ಆಧಾರ್ ಸಂಖ್ಯೆಯನ್ನು ಸಾರ್ವಜನಿಕವಾಗಿ ಪ್ರಕಟಿಸುವುದಕ್ಕೆ, ಪ್ರದರ್ಶಿಸುವುದಕ್ಕೆ ನಿರ್ಬಂಧವಿದೆ. ಇವುಗಳಿಗೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಕೂಡ ಸೇರಿಕೊಂಡಿದೆ.

ವಸತಿ ಯೋಜನೆಯ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಗ್ರಾಮ ಸಭೆಯಲ್ಲಿ ಆಯ್ಕೆಯಾದವರ ಹೆಸರು, ಗ್ರಾಮ, ಯೋಜನೆ, ಮಂಜೂರಾದ ಮೊತ್ತ ಇವು ಊರಿಗೆಲ್ಲ ತಿಳಿಯಬೇಕಾದ ವಿಷಯಗಳು. ಸೂಚನಾ ಫಲಕದಲ್ಲಿಯೂ ಇರಬೇಕು. ಆದರೆ ಕಚೇರಿಯ ಎಕ್ಸೆಲ್ ಕಡತದಲ್ಲಿ ಅದೇ ಹೆಸರುಗಳ ಮುಂದೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆಗಳೂ ಇರುತ್ತವೆ. ಆ ಒಂದೇ ಕಡತ ಹೊರಗೆ ಹೋಯಿತೆನ್ನಿ. ವಂಚಕನೊಬ್ಬನು ವಿಧವೆಯೊಬ್ಬರಿಗೆ ಕರೆ ಮಾಡಿ ಅವರ ಹೆಸರು, ಊರು, ಮನೆ ಮಂಜೂರಾದ ಯೋಜನೆ, ಖಾತೆಯ ಕೊನೆಯ ಅಂಕಿಗಳು ಎಲ್ಲವನ್ನೂ ಸರಿಯಾಗಿ ಹೇಳಿ, ಮುಂದಿನ ಕಂತು ಬಿಡುಗಡೆಗೆ ಒಟಿಪಿ ಬೇಕೆಂದರೆ ಅವರು ನಂಬದಿರಲು ಕಾರಣವೇ ಉಳಿಯುವುದಿಲ್ಲ. ಅಷ್ಟು ವಿವರ ತಿಳಿದವನು ಪಂಚಾಯತಿಯವನೇ ಇರಬೇಕು ಎಂದುಕೊಳ್ಳುತ್ತಾರೆ.

ಇದು ಕೇವಲ ಊಹೆಯ ಭಯವಲ್ಲ. 2017ರ ಮೇ ತಿಂಗಳಲ್ಲಿ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಎಂಬ ಸಂಸ್ಥೆಯು ಪ್ರಕಟಿಸಿದ ಅಧ್ಯಯನವು ನಾಲ್ಕು ಸರ್ಕಾರಿ ಜಾಲತಾಣಗಳನ್ನು ಪರಿಶೀಲಿಸಿತ್ತು. ಅವುಗಳಲ್ಲಿ ಉದ್ಯೋಗ ಖಾತರಿ ಯೋಜನೆ ಮತ್ತು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಜಾಲತಾಣಗಳೂ ಇದ್ದವು. ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಹಾಗೂ ಸುಮಾರು 10 ಕೋಟಿ ಬ್ಯಾಂಕ್ ಖಾತೆ ಸಂಖ್ಯೆಗಳು ಸಾರ್ವಜನಿಕರ ಕೈಗೆ ಸಿಗುವಂತಿದ್ದವೆಂದು ಆ ಅಧ್ಯಯನ ಅಂದಾಜಿಸಿತು. ಬೀಗ ಒಡೆದು ಯಾರೂ ಒಳಗೆ ನುಗ್ಗಿರಲಿಲ್ಲ. ಪ್ರಕಟಿಸಬೇಕಾದ ಕಲಮುಗಳ ಜೊತೆಗೆ ಪ್ರಕಟಿಸಬಾರದ ಕಲಮುಗಳೂ ಹೋಗಿದ್ದವು, ಅಷ್ಟೇ.

ಹೀಗಾಗಿ ಕೊಡುವ ಮುನ್ನ ಕಡತದ ಪ್ರತ್ಯೇಕ ಪ್ರತಿಯೊಂದನ್ನು ಮಾಡಿ, ಬೇಡದ ಕಲಮುಗಳನ್ನು ಅಳಿಸಬೇಕು. ಮರೆಮಾಡುವುದು ಬೇರೆ, ಅಳಿಸುವುದು ಬೇರೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ 'ಹೈಡ್' ಮಾಡಿದ ಕಲಮನ್ನು, ಕಡತದ ಪ್ರತಿ ಪಡೆದವರು ಕ್ಷಣದಲ್ಲಿ ಮತ್ತೆ ಕಾಣುವಂತೆ ಮಾಡಬಲ್ಲರು. ಪಿಡಿಎಫ್‌ನಲ್ಲಿ ಸಂಖ್ಯೆಗಳ ಮೇಲೆ ಕಪ್ಪು ಪಟ್ಟಿ ಎಳೆದರೂ, ಅನೇಕ ವೇಳೆ ಅದರ ಕೆಳಗಿನ ಅಕ್ಷರಗಳನ್ನು ನಕಲು ಮಾಡಿಕೊಳ್ಳಬಹುದು. ಗುರುತಿಗಾಗಿ ಆಧಾರ್ ಬೇಕೇ ಬೇಕೆಂದಿದ್ದಲ್ಲಿ ಕೊನೆಯ 4 ಅಂಕಿಗಳು ಮಾತ್ರ ಕಾಣುವ ಮುಸುಕಿನ ಆಧಾರ್ ಸಾಕಾಗುತ್ತದೆ. ಗ್ರಾಮ ಸಭೆಯ ನೋಟೀಸು, ಅನುಮೋದಿತ ಕ್ರಿಯಾ ಯೋಜನೆ, ಜಮಾ-ಖರ್ಚಿನ ತಖ್ತೆಗಳಿಗೆ ಈ ಕಷ್ಟ ಬೇಕಿಲ್ಲ. ಅವುಗಳನ್ನು ಪಿಡಿಎಫ್ ಮಾಡಿ, ನೋಡಲು ಮಾತ್ರ ಅವಕಾಶವಿರುವ ಮುಕ್ತ ಲಿಂಕ್‌ನಲ್ಲಿ ಊರಿಗೆಲ್ಲ ಕೊಡಬಹುದು.

ನೋಡುವವರು ಯಾರು, ತಿದ್ದುವವರು ಯಾರು

ಹಂಚುವಾಗ ಇನ್ನೊಂದು ಆಯ್ಕೆ ಇರುತ್ತದೆ: ಪಡೆದವರು ಕಡತವನ್ನು ನೋಡಬಹುದೇ, ಅದರ ಮೇಲೆ ಟಿಪ್ಪಣಿ ಬರೆಯಬಹುದೇ, ಅಥವಾ ಅದನ್ನೇ ತಿದ್ದಬಹುದೇ ಎಂಬುದು. ಇವನ್ನು ಕ್ರಮವಾಗಿ ವ್ಯೂಯರ್, ಕಾಮೆಂಟರ್, ಎಡಿಟರ್ ಎನ್ನುತ್ತಾರೆ. ಹೊರಗಿನವರಿಗೆ ವ್ಯೂಯರ್ ಅಧಿಕಾರ ಸಾಮಾನ್ಯವಾಗಿ ಸಾಕು.

ಸದಸ್ಯರು ಈ ಅಂಶವನ್ನು ಲಘುವಾಗಿ ಕಾಣಬಾರದು. ಗ್ರಾಮ ಸಭೆಯು ಅನುಮೋದಿಸಿದ ಪಟ್ಟಿಯನ್ನು ಎಡಿಟರ್ ಅಧಿಕಾರದ ಮುಕ್ತ ಲಿಂಕ್‌ನಲ್ಲಿ ಇಟ್ಟರೆ, ಮೂರನೆಯ ಹೆಸರು ಹದಿಮೂರನೆಯದಾಗಬಹುದು. ಒಂದು ಹೆಸರು ಕಾಣೆಯಾಗಬಹುದು. ಡ್ರೈವ್‌ನಲ್ಲಿ ತಿದ್ದುಪಡಿಗಳ ಇತಿಹಾಸ ಉಳಿಯುತ್ತದೆ, ಆದರೆ ಲಾಗಿನ್ ಆಗದೆ ತಿದ್ದಿದವರ ಹೆಸರು ಅದರಲ್ಲಿ ಬರುವುದಿಲ್ಲ. ಅನಾಮಧೇಯ ಎಂದಷ್ಟೇ ಇರುತ್ತದೆ. ಆಗ ಊರಿನವರು ಕೇಳುವುದು ಅನಾಮಧೇಯರನ್ನಲ್ಲ, ವಾರ್ಡಿನ ಸದಸ್ಯರನ್ನು. ಅನುಮೋದನೆಯಾದ ಪಟ್ಟಿಯನ್ನು ಪಿಡಿಎಫ್ ಮಾಡಿ, ಸಹಿಯಾದ ಮುದ್ರಿತ ಪ್ರತಿಯನ್ನು ನಡವಳಿಗೆ ಲಗತ್ತಿಸಿ ಇಡುವ ಹಳೆಯ ಪದ್ಧತಿ ಈ ಕಾರಣಕ್ಕಾಗಿಯೇ ಈಗಲೂ ಬೆಲೆಯುಳ್ಳದ್ದು.

ಎಡಿಟರ್ ಆದವರು, ಬೇರೆ ರೀತಿ ನಿರ್ಬಂಧಿಸದಿದ್ದರೆ, ಕಡತವನ್ನು ಮತ್ತೊಬ್ಬರಿಗೂ ಹಂಚಬಲ್ಲರು. ಈ ಅವಕಾಶವನ್ನು ಹಂಚಿಕೆಯ ಸೆಟ್ಟಿಂಗ್ಸ್‌ನಲ್ಲಿ ತೆಗೆದುಹಾಕಬಹುದು. ನೋಡುವವರು ಡೌನ್‌ಲೋಡ್ ಮಾಡದಂತೆ, ಮುದ್ರಿಸದಂತೆ ತಡೆಯುವ ಆಯ್ಕೆಯೂ ಅಲ್ಲಿಯೇ ಇದೆ. ಆದರೆ ಪರದೆಯ ಚಿತ್ರ ತೆಗೆಯುವುದನ್ನು ಅದು ತಡೆಯಲಾರದು. ಇಡೀ ಫೋಲ್ಡರನ್ನು ಹಂಚಿದಲ್ಲಿ, ಮುಂದೆ ಅದರೊಳಗೆ ಸೇರಿಸುವ ಕಡತಗಳೂ ತಾವಾಗಿಯೇ ಹಂಚಿಕೆಯಾಗುತ್ತವೆ. ರಸ್ತೆ ಕಾಮಗಾರಿಯ ಛಾಯಾಚಿತ್ರಗಳಿಗೆಂದು ಗುತ್ತಿಗೆದಾರರಿಗೆ ಕೊಟ್ಟ ಫೋಲ್ಡರಿನಲ್ಲಿ ನಂತರ ಕೂಲಿಕಾರರ ಖಾತೆ ವಿವರ ಹಾಕಿದರೆ ಅದೂ ಅವರಿಗೆ ಕಾಣುತ್ತದೆ. ಹೊರಗಿನವರಿಗೆ ಕೊಡುವ ಕಡತಗಳಿಗೆ ಬೇರೆಯೇ ಫೋಲ್ಡರ್ ಇರಲಿ.

ಖಾತೆ ಯಾರ ಹೆಸರಿನಲ್ಲಿದೆ

ಅನೇಕ ಕಚೇರಿಗಳಲ್ಲಿ ಡಾಟಾ ಎಂಟ್ರಿ ಆಪರೇಟರ್ ಅವರ ಸ್ವಂತ ಜಿಮೇಲ್ ಖಾತೆಯೇ ಪಂಚಾಯತಿಯ ಕಪಾಟಾಗಿಬಿಟ್ಟಿರುತ್ತದೆ. ಉಚಿತ ಖಾತೆಯಲ್ಲಿ 15 ಜಿಬಿ ಸ್ಥಳ ದೊರೆಯುವುದರಿಂದ ಆರಂಭದಲ್ಲಿ ತೊಂದರೆ ಕಾಣುವುದಿಲ್ಲ. ಆದರೆ ಸ್ವಂತ ಖಾತೆಯಲ್ಲಿ ಸೃಷ್ಟಿಸಿದ ಕಡತದ ಒಡೆತನ ಆ ಖಾತೆಯದು. ಅವರು ಕೆಲಸ ಬಿಟ್ಟ ದಿನ ಕಡತಗಳೂ ಅವರೊಡನೆ ಹೋಗುತ್ತವೆ, ಮತ್ತು ಅವರು ಹಿಂದೆ ಯಾರಿಗೆಲ್ಲ ಹಂಚಿದ್ದರೆಂದು ಕಚೇರಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ಪಂಚಾಯತಿಯ ಅಧಿಕೃತ ಇ-ಮೇಲ್ ಖಾತೆಯಲ್ಲಿಯೇ ಕಡತಗಳಿರಬೇಕು. ಅದರ ಪಾಸ್‌ವರ್ಡ್ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಹೊಣೆಯಲ್ಲಿರಬೇಕು. ಎರಡು ಹಂತದ ದೃಢೀಕರಣ ಜಾರಿಯಲ್ಲಿರಬೇಕು. ವರ್ಗಾವಣೆಯ ದಿನ ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಬೀಗದ ಕೀಲಿ, ಮೊಹರುಗಳ ಜೊತೆಗೆ ಈ ಖಾತೆಯನ್ನೂ ನಮೂದಿಸಿ, ಪಾಸ್‌ವರ್ಡ್ ಬದಲಿಸಬೇಕು.

ಕೊಟ್ಟದ್ದನ್ನು ಹಿಂಪಡೆಯುವುದು

ಲೆಕ್ಕ ಪರಿಶೋಧನೆ ಮುಗಿದ ಮೇಲೆ ಪರಿಶೋಧಕರಿಗೆ ಆ ಕಡತದ ಅಗತ್ಯವಿಲ್ಲ. ಆದರೂ ಹಂಚಿಕೆ ಮುಂದುವರಿದೇ ಇರುತ್ತದೆ, ಏಕೆಂದರೆ ಅದನ್ನು ನಿಲ್ಲಿಸಬೇಕಾದ ಕೆಲಸ ಯಾರದೂ ಆಗಿರುವುದಿಲ್ಲ. ನಿಗದಿತ ದಿನಾಂಕಕ್ಕೆ ಹಂಚಿಕೆ ತಾನಾಗಿಯೇ ಕೊನೆಗೊಳ್ಳುವ ಸೌಲಭ್ಯ ಕೆಲವು ಸೇವೆಗಳಲ್ಲಿದ್ದರೂ, ಅದು ಬಹುತೇಕ ಸಂಸ್ಥೆಯ ಅಥವಾ ಹಣ ಪಾವತಿಸಿದ ಖಾತೆಗಳಿಗೆ ಮಾತ್ರ ಲಭ್ಯ. ಆದ್ದರಿಂದ ಕಚೇರಿಯಲ್ಲಿ ಒಂದು ಹಂಚಿಕೆ ವಹಿಯನ್ನು ಇಡುವುದು ಸೂಕ್ತ. ದಿನಾಂಕ, ಕಡತದ ಹೆಸರು, ಯಾರಿಗೆ, ಯಾವ ಉದ್ದೇಶಕ್ಕೆ, ನೋಡಲೋ ತಿದ್ದಲೋ, ಯಾವಾಗ ನಿಲ್ಲಿಸಬೇಕು, ಯಾವಾಗ ನಿಲ್ಲಿಸಲಾಯಿತು ಎಂಬ ಕಲಮುಗಳಿದ್ದರೆ ಸಾಕು. ಹಳೆಯ ಕಡತ ಚಲನವಲನ ವಹಿಯೇ ಇದು, ಬೇರೆ ರೂಪದಲ್ಲಿ.

ಮುಕ್ತ ಲಿಂಕನ್ನು ನಿರ್ಬಂಧಿತಕ್ಕೆ ಬದಲಿಸಿದ ಕೂಡಲೇ ಹಳೆಯ ಲಿಂಕ್ ಹೊರಗಿನವರಿಗೆ ತೆರೆಯುವುದು ನಿಲ್ಲುತ್ತದೆ. ಆದರೆ ಮುಂದೊಂದು ದಿನ ಅದೇ ಕಡತವನ್ನು ಮತ್ತೆ ಮುಕ್ತಗೊಳಿಸಿದರೆ ಹಳೆಯ ಲಿಂಕ್‌ಗೂ ಜೀವ ಬರುತ್ತದೆ. ಹಾಗಾಗಿ ಹೊಸ ಅಗತ್ಯಕ್ಕೆ ಹೊಸ ಪ್ರತಿ ಮಾಡಬೇಕು. ಈಗಾಗಲೇ ಡೌನ್‌ಲೋಡ್ ಆಗಿರುವ ಪ್ರತಿಯನ್ನು ಹಿಂಪಡೆಯಲು ಯಾವ ಉಪಾಯವೂ ಇಲ್ಲ. ಕೊಡುವ ಮೊದಲೇ ಕಲಮುಗಳನ್ನು ಅಳಿಸಬೇಕೆಂದು ಮೇಲೆ ಒತ್ತಿ ಹೇಳಿದ್ದು ಇದಕ್ಕಾಗಿ.

ವೈಯಕ್ತಿಕ ವಿವರಗಳಿರುವ ಕಡತ ತಪ್ಪಾಗಿ ಹೊರಗೆ ಹೋಗಿರುವುದು ತಿಳಿದುಬಂದಲ್ಲಿ ಮೊದಲು ಹಂಚಿಕೆಯನ್ನು ನಿಲ್ಲಿಸಿ, ನಂತರ ಲಿಂಕ್ ಹೋದ ಗುಂಪುಗಳಿಂದ ಸಂದೇಶವನ್ನು ತೆಗೆಸಿ, ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಯವರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಮುಚ್ಚಿಡುವುದರಿಂದ ಹಾನಿಯಾಗುವುದು ಪಟ್ಟಿಯಲ್ಲಿರುವ ಬಡವರಿಗೆ. ಅವರ ಮನೆಗಳಿಗೆ ಹೋಗಿ, ಪಂಚಾಯತಿಯ ಹೆಸರಿನಲ್ಲಿ ಯಾರೇ ಕರೆ ಮಾಡಿ ಒಟಿಪಿ ಕೇಳಿದರೂ ಕೊಡಬಾರದೆಂದು ಎಚ್ಚರಿಸುವ ಕೆಲಸವನ್ನು ವಾರ್ಡಿನ ಸದಸ್ಯರಷ್ಟು ಚೆನ್ನಾಗಿ ಬೇರಾರೂ ಮಾಡಲಾರರು. ಹಣ ಹೋಗಿದ್ದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿಸಬೇಕು. ದೂರು ಬೇಗ ದಾಖಲಾದಷ್ಟೂ ಹಣವನ್ನು ಮುಂದಿನ ಖಾತೆಗೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು.

ಸದಸ್ಯರು ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಪಂಚಾಯತಿಯ ಕಡತಗಳು ಯಾವ ಖಾತೆಯಲ್ಲಿವೆ ಹಾಗೂ ಈಗ ಯಾರಿಗೆಲ್ಲ ತೆರೆದಿವೆ ಎಂಬ ವಿವರವನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರಿಂದ ಪಡೆಯಬಹುದು. ಹಂಚಿಕೆ ವಹಿಯನ್ನು ಮೂರು ತಿಂಗಳಿಗೊಮ್ಮೆ ಸಭೆಯ ಮುಂದೆ ಮಂಡಿಸುವಂತೆ ನಿರ್ಣಯ ಕೈಗೊಳ್ಳಬಹುದು.