ಮುರಿದ ಕೋವಿಹಿಡಿಗೆ ಮರುಜೀವ

ಹಳೆಯ ಮಾದರಿಯ ಕೋವಿಯ ಮರದ ಹಿಡಿ ಮುರಿಯುವುದು ಬಹುಮಟ್ಟಿಗೆ ಒಂದೇ ಜಾಗದಲ್ಲಿ: ಬೆರಳಿನಿಂದ ಎಳೆಯುವ ಕುದುರೆಯ ಹಿಂದೆ, ಅಂಗೈ ಸುತ್ತಿ ಹಿಡಿಯುವ ಸಪೂರ ಕುತ್ತಿಗೆಯಲ್ಲಿ. 18ನೆಯ ಶತಮಾನದ ಬ್ರಿಟಿಷ್ ಸಿಪಾಯಿಯ ಅಕ್ರೋಟು ಮರದ ‘ಬ್ರೌನ್ ಬೆಸ್’ ಆಗಲಿ, ಅಮೆರಿಕದ ಬೇಟೆಗಾರರ ಮೇಪಲ್ ಮರದ ಕೆಂಟಕಿ ಕೋವಿಯಾಗಲಿ, ಮಲೆನಾಡಿನ ಕೇಪಿನ ಕೋವಿಯಾಗಲಿ, ಎಲ್ಲದರ ದುರ್ಬಲ ಸ್ಥಾನ ಇದೇ.

ನಳಿಗೆಯ ಒದೆತ ನೇರ ಹಿಂದಕ್ಕೆ ಬರುತ್ತದೆ; ಅದನ್ನು ತಡೆಯುವ ಭುಜ ಆ ರೇಖೆಗಿಂತ ಕೆಳಗಿರುತ್ತದೆ. ಹಾಗಾಗಿ ಪ್ರತಿ ಈಡೂ ಕುತ್ತಿಗೆಯನ್ನು ಬಗ್ಗಿಸಲು ನೋಡುತ್ತದೆ. ಸಾಲದ್ದಕ್ಕೆ ಕಿಡಿಯಂತ್ರ, ಕುದುರೆ, ತಿರುಪುಗಳಿಗಾಗಿ ಅಲ್ಲಿನ ಮರವನ್ನೇ ಕೊರೆದು ಟೊಳ್ಳು ಮಾಡಿರುತ್ತಾರೆ. ಗೋಡೆಗೆ ಒರಗಿಸಿಟ್ಟ ಕೋವಿ ಜಾರಿ ಬಿದ್ದರೂ ಸಾಕು, ಕುತ್ತಿಗೆ ಮುರಿಯಬಹುದು.

ದುರಸ್ತಿಗೆ ಮೊದಲು ಕೋವಿ ಖಾಲಿಯಿದೆಯೇ ಎಂಬುದು ಖಚಿತವಾಗಬೇಕು. ಬಾಯಿಯಿಂದ ಮದ್ದು ತುಂಬುವ ಕೋವಿಗೆ, ಮದ್ದನ್ನು ಜಡಿಯುವ ಕೋಲಾದ ಗಜವೇ ಸಾಕ್ಷಿ. ಗಜವನ್ನು ನಳಿಗೆಯೊಳಗೆ ತಳದವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಹಾಕಿ, ಅದೇ ಉದ್ದವನ್ನು ಹೊರಗಿನಿಂದ ಅಳೆಯುತ್ತಾರೆ. ಗಜದ ತುದಿ ಕಿಡಿರಂಧ್ರದವರೆಗೆ ತಲುಪದಿದ್ದರೆ ಒಳಗೆ ಏನೋ ಉಳಿದಿದೆ ಎಂದರ್ಥ. ಒಣಗಿದ ಕರಿಮದ್ದು ದಶಕಗಳ ನಂತರವೂ ಸಿಡಿಯಬಲ್ಲದು. ಅಂಥ ಕೋವಿಯನ್ನು ಪರಿಣತರ ಕೈಗೇ ಒಪ್ಪಿಸಬೇಕು.

ಇನ್ನು ಮುರಿತದ ವಿಷಯ. ನೀಟಾಗಿ ಅಡ್ಡಕ್ಕೆ ತುಂಡಾದದ್ದು ಸುಲಭವಾಗಿ ಅಂಟುತ್ತದೆ, ಸಿಬಿರುಸಿಬಿರಾಗಿ ಉದ್ದಕ್ಕೆ ಸೀಳಿದ್ದು ಕೈಬಿಟ್ಟಂತೆಯೇ ಎಂಬುದು ಸಾಮಾನ್ಯ ನಂಬಿಕೆ. ನಿಜ ಇದಕ್ಕೆ ತದ್ವಿರುದ್ಧ. ಮರವೆಂದರೆ ಒತ್ತೊತ್ತಾಗಿ ಕಟ್ಟಿದ ಸೂಕ್ಷ್ಮ ಕೊಳವೆಗಳ ಕಂತೆ. ಎಳೆಯ ಉದ್ದಕ್ಕೆ ಜಗ್ಗಿದರೆ ಅದು ತೋರುವ ಬಲ, ಎಳೆಗೆ ಅಡ್ಡವಾಗಿ ಜಗ್ಗಿದಾಗಿನ ಬಲಕ್ಕಿಂತ ಹತ್ತು ಪಟ್ಟಿಗೂ ಮೀರಿದ್ದು. ಅಡ್ಡಕ್ಕೆ ತುಂಡಾದಾಗ ಕೊಳವೆಗಳ ಬಾಯಿ ತೆರೆದುಕೊಂಡು ಅಂಟನ್ನು ಹೀರಿಬಿಡುತ್ತವೆ. ಅಂಟು ಹಿಡಿಯುವ ಜಾಗವೂ ಕಿರಿದು. ಓರೆಯಾಗಿ ಸೀಳಿದಾಗಲಾದರೋ ಕೊಳವೆಗಳ ಪಕ್ಕದ ಗೋಡೆಗಳು ಉದ್ದಕ್ಕೂ ಮುಖಾಮುಖಿಯಾಗುತ್ತವೆ. ಅಲ್ಲಿ ಹಚ್ಚಿದ ಒಳ್ಳೆಯ ಅಂಟು ಮರಕ್ಕಿಂತಲೂ ಗಟ್ಟಿ. ಮತ್ತೆ ಬಲ ಬಿದ್ದರೆ ಪಕ್ಕದ ಮರ ಸೀಳುತ್ತದೆಯೇ ಹೊರತು ಬೆಸುಗೆ ಬಿಡುವುದಿಲ್ಲ.

ಆದ್ದರಿಂದ ಸಿಬಿರುಗಳನ್ನು ಕತ್ತರಿಸುವುದು, ಮುರಿದ ಮುಖವನ್ನು ಉಜ್ಜಿ ನುಣುಪು ಮಾಡುವುದು ದೊಡ್ಡ ತಪ್ಪು. ಆ ಒರಟು ಮುಖಗಳು ಒಂದಕ್ಕೊಂದು ಕೂರುವಷ್ಟು ಕರಾರುವಾಕ್ಕಾಗಿ ಯಾವ ಬಡಗಿಯೂ ಕೆತ್ತಲಾರ. ಮೊಳೆ ಹೊಡೆಯುವುದು ಇನ್ನೂ ಕೆಟ್ಟದ್ದು: ಮೊಳೆ ಎಳೆಗಳನ್ನು ಬೇರ್ಪಡಿಸಿ ಹೊಸ ಸೀಳಿಗೆ ದಾರಿ ಮಾಡುತ್ತದೆ.

ಅಂಟಿನ ನಿಜವಾದ ಶತ್ರು ಎಣ್ಣೆ. ನಳಿಗೆಗೆ ವರ್ಷಾನುಗಟ್ಟಲೆ ಸವರಿದ ಎಣ್ಣೆ ಇಳಿದು ಕುತ್ತಿಗೆಯ ಮರದಲ್ಲಿ ತುಂಬಿಕೊಂಡಿರುತ್ತದೆ. ಅಸಿಟೋನಿನಿಂದ ತೊಳೆದು, ಸೀಮೆಸುಣ್ಣದ ಪುಡಿಯ ಲೇಪ ಹಚ್ಚಿ ಅದನ್ನು ಹೊರಗೆಳೆಯುತ್ತಾರೆ. ಬಳಿಕ ಎರಡೂ ಮುಖಕ್ಕೆ ಎಪಾಕ್ಸಿ ಸವರಿ ಕೂಡಿಸಲಾಗುತ್ತದೆ. ಬಾಗಿದ ಮೈಗೆ ಕ್ಲ್ಯಾಂಪ್ ಸರಿಯಾಗಿ ಕೂರದು. ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರೆ ಒತ್ತಡ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಜಿನುಗಿ ಬೆಸುಗೆ ಬಡವಾಗುತ್ತದೆ. ಅಡ್ಡ ಮುರಿತಕ್ಕೆ ಅಂಟೊಂದೇ ಸಾಲದು. ಕುತ್ತಿಗೆಯ ಉದ್ದಕ್ಕೆ ರಂಧ್ರ ಕೊರೆದು ಹಿತ್ತಾಳೆಯ ಮರೆಸರಳನ್ನು ಅಂಟಿನಲ್ಲಿ ಹುದುಗಿಸಬೇಕು.

ಎಪಾಕ್ಸಿ ಇಲ್ಲದ ಕಾಲದಲ್ಲಿ ಹಸಿ ಚರ್ಮವೇ ಆಸರೆಯಾಗಿತ್ತು. ನೆನೆಸಿದ ತೊಗಲನ್ನು ಮುರಿತದ ಸುತ್ತ ಹೊಲಿದರೆ, ಒಣಗುತ್ತ ಕುಗ್ಗಿ ಕಬ್ಬಿಣದ ಪಟ್ಟಿಯಂತೆ ಬಿಗಿದುಕೊಳ್ಳುತ್ತದೆ. ಅಮೆರಿಕದ ಗಡಿನಾಡಿನ ಹಳೆಯ ಕೋವಿಗಳಲ್ಲಿ ಇಂಥ ಕಟ್ಟುಗಳು ಇಂದಿಗೂ ಕಾಣಸಿಗುತ್ತವೆ. ಚರಿತ್ರೆಯ ಬೆಲೆಯುಳ್ಳ ಕೋವಿಗೆ ಪ್ರಾಣಿಜನ್ಯ ಸರೇಸು ಮೇಲು: ಶಾಖ ಮತ್ತು ತೇವ ಕೊಟ್ಟರೆ ಅದು ಬಿಡುತ್ತದೆ, ಮುಂದಿನವರು ಇನ್ನೂ ಉತ್ತಮವಾಗಿ ದುರಸ್ತಿ ಮಾಡಬಹುದು.

ಕೊನೆಯಲ್ಲಿ ಉಕ್ಕಿದ ಅಂಟನ್ನು ಕೆರೆದು, ಅಗಸೆ ಎಣ್ಣೆ ತಿಕ್ಕಿದರೆ ಗೆರೆ ಮರೆಯಾಗುತ್ತದೆ. ಗೆರೆ ಕಾಣದಿದ್ದ ಮಾತ್ರಕ್ಕೆ ಕೋವಿ ಈಡು ತಾಳುತ್ತದೆ ಎಂದಲ್ಲ. ಆ ತೀರ್ಮಾನ ಪರವಾನಗಿಯುಳ್ಳ ಕೋವಿ ಕೆಲಸಗಾರನದು. ಗೋಡೆಯ ಅಲಂಕಾರಕ್ಕೆ ಅಂಟು ಸಾಕು, ಭುಜಕ್ಕೆ ಪರೀಕ್ಷೆ ಬೇಕು.