ಒಮ್ನಿಯೊಳಗೆ ಮೂರನೇ ಹಾಸಿಗೆ ಎಲ್ಲಿ?

ಮೇಲುಕೋಟೆ ವೈರಮುಡಿ ನಡೆಯೋದು ರಾತ್ರಿಯಿಡೀ. ಆವತ್ತು ಅಲ್ಲಿ ರೂಮ್ ಸಿಗೋದು ಕಷ್ಟ. ಹಾಗಾಗಿ ನಾನು, ಅವ್ವ, 6 ವರ್ಷದ ಮಗಳು ಕೆ.ಆರ್. ಪೇಟೆಯಿಂದ ಹಳೇ ಒಮ್ನಿಯಲ್ಲಿ ಹೋಗಿ ಅದರಲ್ಲೇ ಮಲಗ್ತೀವಿ.

ಹಿಂದಿನ ಸೀಟು ಮಡಚಿ ಹಲಗೆ ಹಾಸಿದ್ರೆ ಇಬ್ಬರಿಗೆ ಜಾಗ ಆಯ್ತು. ಮಗಳಿಗೆ? ನಮ್ಮ ತಾತ ಹೇಮಗಿರಿ ದನಗಳ ಜಾತ್ರೆಗೆ ಹೋದಾಗ ಹೆಂಗಸರು, ಮಕ್ಕಳು ಗಾಡಿ ಮೇಲೆ, ಗಂಡಸರು ಗಾಡಿ ಕೆಳಗೆ ಹುಲ್ಲು ಹಾಸ್ಕೊಂಡು ಮಲಗ್ತಿದ್ರಂತೆ. ಒಮ್ನಿ ಕೆಳಗೆ ನುಸುಳೋಕಾಗಲ್ಲ ಕಣ್ರೀ!

ಉಳಿದದ್ದು ಮುಂದಿನ ಸೀಟು. ಗಾಡಿಯ ಹೊರ ಅಗಲವೇ ಸುಮಾರು 1.4 ಮೀಟರ್, ದೊಡ್ಡವರು ಅಡ್ಡ ಮಲಗೋಕಾಗಲ್ಲ, ಮಗು ಮಲಗುತ್ತೆ. ಎರಡೂ ಸೀಟಿನ ಮೇಲೆ ಪ್ಲೈವುಡ್ ಅಡ್ಡ ಇಟ್ಟು, ನಡುವೆ ಬಾಗದ ಹಾಗೆ ಆನಿಕೆ ಕೊಟ್ಟೆ. ಹಲಗೆ ಗೇರಿಗೆ, ಹ್ಯಾಂಡ್‌ಬ್ರೇಕಿಗೆ ತಾಗಬಾರದು. ಮೇಲುಕೋಟೆ ಬೆಟ್ಟದ ಊರು, ಸಮತಟ್ಟಾದ ಕಡೆ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡ್ತೀನಿ.

ವೆಲ್ಡಿಂಗ್ ಮಾಡಿಸಿಲ್ಲ. ಆರ್‌ಸಿಯಲ್ಲಿರೋ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋದನ್ನ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತೆ. ಬೆಳಿಗ್ಗೆ ಎತ್ತಿಡೋ ಹಲಗೆಗೆ ಆ ತಾಪತ್ರಯ ಇಲ್ಲ.

ಮೊದಲ ವರ್ಷ ಸೊಳ್ಳೆ ಅಂತ ಗಾಜೆಲ್ಲ ಮುಚ್ಚಿದ್ವಿ. ನಡುರಾತ್ರಿ ಅವ್ವ "ಉಸಿರು ಕಟ್ತದೆ ಮಗ" ಅಂತ ಎದ್ದು ಕೂತಳು. ಈಗ ಎದುರುಬದುರು ಕಿಟಕಿ ನಾಲ್ಕು ಬೆರಳು ತೆರೆದು ಸೊಳ್ಳೆ ಬಲೆ ಕಟ್ತೀವಿ. ಎಸಿಗೋಸ್ಕರ ಎಂಜಿನ್ ಆನ್ ಇಟ್ಟು ಮಾತ್ರ ಮಲಗಬೇಡಿ. ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರಿಗೆ ಎಚ್ಚರಾನೇ ಆಗದೆ ಹೋಗಬಹುದು. ಒಳಗೆ ಸ್ಟವ್ವೂ ಹಚ್ಚಬೇಡಿ.