ಗೃಹಪ್ರವೇಶಕ್ಕೇ ಮುಗಿಯಬೇಕೆ ಮನೆಯ ಸಿಂಗಾರ?

ಹಾಲು ಉಕ್ಕಿಸುವ ದಿನ ಗೊತ್ತಾಗುತ್ತಿದ್ದಂತೆ ಹೊಸ ಮನೆಯಲ್ಲಿ ಓಟ ಶುರುವಾಗುತ್ತದೆ. ಕಾರ್ಪೆಂಟರ್ ಹಗಲು ರಾತ್ರಿ ಪ್ಲೈವುಡ್ ಕೊಯ್ಯುತ್ತಾನೆ. ಆ ಧೂಳು ಕೂರುವ ಮೊದಲೇ ಪೇಂಟರ್ ಎರಡನೇ ಕೋಟ್ ಹೊಡೆಯುತ್ತಾನೆ. ಎಲೆಕ್ಟ್ರಿಷಿಯನ್ ಇಬ್ಬರನ್ನೂ ಬೈದುಕೊಳ್ಳುತ್ತ ಅದೇ ಗೋಡೆಯನ್ನು ಕೊರೆಯುತ್ತಾನೆ. ಇಷ್ಟೇಕೆ ಅವಸರ ಎಂದು ಕೇಳಿದರೆ, "ಬಂದವರ ಮುಂದೆ ಅರ್ಧಂಬರ್ಧ ಮನೆ ತೋರಿಸೋಕಾಗುತ್ತಾ?" ಎನ್ನುತ್ತಾರೆ ಮನೆಯವರು. ಬಂದವರಲ್ಲಿ ಬಹುಪಾಲು ಜನ ನೋಡುವುದು ಎಲೆ ಹಾಕಿದ್ದಾರೋ ಇಲ್ಲವೋ ಎಂದು. ಅದು ಬೇರೆ ಮಾತು. ಆದರೆ ಈ ಅವಸರದ ಹಿಂದೆ ಕೆಲವು ಗಟ್ಟಿ ನಂಬಿಕೆಗಳಿವೆ. ಅವುಗಳಲ್ಲಿ ಹೆಚ್ಚಿನವು ಪರೀಕ್ಷೆಗೆ ನಿಲ್ಲುವುದಿಲ್ಲ.

"ಎಲ್ಲ ಮುಗಿಯದೆ ಒಕ್ಕಲಾಗಬಾರದು"

ಶಾಸ್ತ್ರ ಕೇಳುವುದು ಬಹಳ ಕಡಿಮೆ. ಬಾಗಿಲು ಕೂರಿಸದ, ಮೇಲೆ ಹೊದಿಕೆಯಿಲ್ಲದ, ವಾಸ್ತುಬಲಿ ಕೊಡದ, ಊಟ ಹಾಕದ ಮನೆಗೆ ಪ್ರವೇಶ ಮಾಡಬೇಡಿ ಎನ್ನುತ್ತದೆ, ಅಷ್ಟೆ. ವಾರ್ಡ್‌ರೋಬ್, ಟಿವಿ ಯೂನಿಟ್, ಫಾಲ್ಸ್ ಸೀಲಿಂಗುಗಳ ಗೊಡವೆಗೆ ಅದು ಹೋಗಿಲ್ಲ. ನಮ್ಮಲ್ಲಿ ಮನೆ ಸಿಂಗರಿಸುವ ಪದ್ಧತಿಯೂ ಒಂದೇ ಏಟಿಗೆ ಮುಗಿಸುವಂಥದ್ದಲ್ಲ. ಶಿವಮೊಗ್ಗ ಜಿಲ್ಲೆಯ ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಹಸೆ ಚಿತ್ತಾರ ಮೂಡುತ್ತಿದ್ದದ್ದು ಮದುವೆ ಬಂದಾಗ. ಹಳ್ಳಿಯ ಹಳೇ ಮನೆಗಳಲ್ಲಿ ಜಗುಲಿ ಒಂದು ತಲೆಮಾರಿನದು, ಅಟ್ಟ ಇನ್ನೊಂದು ತಲೆಮಾರಿನದು. ಹಂತಹಂತವಾಗಿ ಮಾಡುವುದು ಬಡತನದ ಲಕ್ಷಣ ಎಂಬ ಭಾವನೆ ಇತ್ತೀಚೆಗೆ ಹುಟ್ಟಿಕೊಂಡದ್ದು. ಅದನ್ನು ಸಾಕಿ ಬೆಳೆಸಿದ್ದರಲ್ಲಿ ಇಂಟೀರಿಯರ್ ಪ್ಯಾಕೇಜುಗಳ ಪಾಲು ದೊಡ್ಡದು ಎಂದು ನನ್ನ ಅನುಮಾನ.

"ಗೋಡೆ ಮುಟ್ಟಿದರೆ ಒಣಗಿದೆ, ಬಣ್ಣ ಹೊಡೆಯಬಹುದು"

ಅತಿ ಹೆಚ್ಚು ಹಣ ಹಾಳಾಗುವುದು ಇಲ್ಲಿ. ಪ್ಲಾಸ್ಟರಿಂಗ್ ಆದ ಗೋಡೆಗೆ ಕನಿಷ್ಠ ಒಂದು ವಾರ ನೀರು ಉಣಿಸುತ್ತೇವೆ. ಮೇಲ್ಮೈ ಬೆಳ್ಳಗಾದ ಮಾತ್ರಕ್ಕೆ ಆ ನೀರೆಲ್ಲ ಹೊರಗೆ ಹೋಯಿತು ಎಂದಲ್ಲ. ಒಳಗಿನ ತೇವ ನಿಧಾನವಾಗಿ ಹೊರಬರುತ್ತಿರುತ್ತದೆ. ಬರುವಾಗ ಸಿಮೆಂಟಿನಲ್ಲಿರುವ ಲವಣಗಳನ್ನೂ ಕರೆದುಕೊಂಡು ಬರುತ್ತದೆ. ಗೋಡೆಯ ಮೇಲೆ ಬಿಳಿ ಉಪ್ಪು ಹೂವಿನಂತೆ ಏಳುವುದು, ಬಣ್ಣ ಗುಳ್ಳೆಯಾಗಿ ಚಕ್ಕೆ ಬೀಳುವುದು ಇದರಿಂದಲೇ. ಇದರ ಜೊತೆಗೆ ಹೊಸ ಸಿಮೆಂಟಿನ ಕ್ಷಾರಗುಣ ಬಹಳ ಹೆಚ್ಚು, ಪಿಎಚ್ ಮಟ್ಟ 12ರ ಮೇಲೆ. ಎಣ್ಣೆ ಆಧಾರಿತ ಎನಾಮಲ್ ಪೇಂಟನ್ನು ಹಸಿ ಗೋಡೆಗೆ ಬಳಿದರೆ ಆ ಕ್ಷಾರ ಎಣ್ಣೆಯ ಜೊತೆ ಸೇರಿ ಅಕ್ಷರಶಃ ಸಾಬೂನಾಗಿಬಿಡುತ್ತದೆ. ಪೇಂಟ್ ಕಂಪನಿಗಳು ಸಾಮಾನ್ಯವಾಗಿ ಕೇಳುವ ಕನಿಷ್ಠ ಅವಧಿ 28 ದಿನ. ಮಳೆಗಾಲವಾದರೆ ಇನ್ನೂ ಹೆಚ್ಚು.

ಪರೀಕ್ಷಿಸುವುದಕ್ಕೆ ಯಂತ್ರವೇನೂ ಬೇಡ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಗೆ ಹನಿ ಕೂತಿದ್ದರೆ ಪೇಂಟರನ್ನು ವಾಪಸು ಕಳಿಸಿ. ಗೃಹಪ್ರವೇಶಕ್ಕೆ ಗೋಡೆ ಬೋಳಾಗಿರಬಾರದು ಎನಿಸಿದರೆ ಪ್ರೈಮರ್ ಮತ್ತು ಒಂದು ಕೋಟ್ ಸಾದಾ ಬಿಳಿ ಡಿಸ್ಟೆಂಪರ್ ಸಾಕು. ಅದೂ ಗೋಡೆ ಈ ಪರೀಕ್ಷೆಯಲ್ಲಿ ಪಾಸಾದ ಮೇಲೆಯೇ. ಮನಸ್ಸಿಗೆ ಒಪ್ಪಿದ ಬಣ್ಣಕ್ಕೆ ಒಂದು ವರ್ಷ ಕಾದರೆ ಏನೂ ನಷ್ಟವಿಲ್ಲ. ಅಷ್ಟರಲ್ಲಿ ಕೂದಲೆಳೆ ಬಿರುಕುಗಳೂ ಕಾಣಿಸಿಕೊಂಡು ನಿಂತಿರುತ್ತವೆ, ತುಂಬಿಸಿ ಬಳಿಯಬಹುದು.

ಬಿರುಕಿನ ಮಾತು ಬಂತು. ಪಿಲ್ಲರ್ ಮತ್ತು ಸಾಲಿಡ್ ಬ್ಲಾಕ್ ಗೋಡೆ ಕೂಡುವ ಜಾಗದಲ್ಲಿ ನೆಟ್ಟಗೆ ಎಳೆದ ಗೆರೆಯಂಥ ಬಿರುಕು ಕಂಡರೆ ತಳಪಾಯ ಕುಸಿಯಿತು ಎಂದು ಹೆದರುವವರಿದ್ದಾರೆ. ಎರಡು ಬೇರೆ ಬೇರೆ ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಅದು ಬರುತ್ತದೆ. ಆ ಸಂದಿಗೆ ಚಿಕನ್ ಮೆಶ್ ಹೊಡೆದು ಪ್ಲಾಸ್ಟರ್ ಮಾಡಿದ್ದರೆ ಬಹುಪಾಲು ತಪ್ಪುತ್ತಿತ್ತು. ಹೆದರಬೇಕಾದದ್ದು ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ, ತಿಂಗಳಿಂದ ತಿಂಗಳಿಗೆ ಅಗಲವಾಗುವ ಬಿರುಕಿಗೆ. ಅದಕ್ಕೆ ಪುಟ್ಟಿ ಮೆತ್ತಬೇಡಿ, ಇಂಜಿನಿಯರನ್ನು ಕರೆಸಿ.

"ಹಂತ ಎಂದರೆ ಒಂದೊಂದೇ ರೂಮು"

ಈ ವರ್ಷ ಹಾಲ್, ಮುಂದಿನ ವರ್ಷ ಬೆಡ್‌ರೂಮ್, ಆಮೇಲೆ ಅಡುಗೆಮನೆ ಎಂದು ಲೆಕ್ಕ ಹಾಕುವವರೇ ಹೆಚ್ಚು. ನೋಡುವುದಕ್ಕೆ ಸರಿಯಾದ ಲೆಕ್ಕವೇ. ಆದರೆ ಮನೆಯೊಳಗಿನ ಕೆಲಸಗಳು ರೂಮಿನ ಗಡಿ ನೋಡಿ ನಡೆಯುವುದಿಲ್ಲ. ಹಂತ ಮಾಡಬೇಕಾದದ್ದು ಗೋಡೆಯ ಒಳಗೆ ಹೋಗುವ ಕೆಲಸ ಮತ್ತು ಗೋಡೆಯ ಮುಂದೆ ನಿಲ್ಲುವ ಕೆಲಸ ಎಂದು. ಒಳಗೆ ಹೋಗುವುದೆಲ್ಲ ಇಡೀ ಮನೆಗೆ ಒಟ್ಟಿಗೇ ಆಗಬೇಕು, ಈಗಲೇ ಆಗಬೇಕು. ಮುಂದೆ ನಿಲ್ಲುವುದು ಐದು ವರ್ಷ ತಡವಾದರೂ ಚಿಂತೆಯಿಲ್ಲ.

ಎಸಿ ಈಗ ಬೇಡದಿರಬಹುದು. ಆದರೆ ಅದರ ತಾಮ್ರದ ಪೈಪು ಹೋಗುವ ತೂತು, ನೀರು ಹರಿಯಲು ಇಳಿಜಾರಿನ ಡ್ರೈನ್ ಪೈಪು, ಪ್ರತ್ಯೇಕ ವೈರು ಈಗಲೇ ಇರಲಿ. ಅಡುಗೆಮನೆ ಚಿಮಣಿಗೆ ಹೊರಗೋಡೆಯಲ್ಲಿ ಒಂದು ಕಿಂಡಿ, ಓವನ್ನಿಗೆ 16 ಆಂಪ್ಸ್ ಪಾಯಿಂಟ್, ಇನ್ವರ್ಟರಿಗೆ ಬೇರೆ ಸರ್ಕ್ಯೂಟ್, ಸೋಲಾರ್ ನೀರಿನ ಪೈಪು ಬಚ್ಚಲಿಗಷ್ಟೇ ಅಲ್ಲದೆ ಅಡುಗೆಮನೆಗೂ, ಗಾಡಿ ನಿಲ್ಲಿಸುವಲ್ಲಿ ಎಲೆಕ್ಟ್ರಿಕ್ ವಾಹನಕ್ಕೊಂದು ಪಾಯಿಂಟ್. ಈಗ ಖಾಲಿ ಪೈಪು ಹೂತಿಟ್ಟರೆ ಖರ್ಚು ಅಲ್ಪ. ಟೈಲ್ಸ್ ಕೂತ ಮೇಲೆ ಒಡೆದು ಹಾಕಿಸುವಾಗ ಖರ್ಚು ಮಾತ್ರವಲ್ಲ, ಅದೇ ಟೈಲ್ಸಿನ ಅದೇ ಬಣ್ಣದ ಬ್ಯಾಚು ಅಂಗಡಿಯಲ್ಲಿ ಸಿಗದು. ಒಂದೆರಡು ಬಾಕ್ಸ್ ಹೆಚ್ಚಿಗೆ ಕೊಂಡು ಅಟ್ಟದ ಮೇಲಿಡುವುದು ಈ ಕಾರಣಕ್ಕೇ.

ಇನ್ನೂ ಪ್ಲಾಸ್ಟರ್ ಆಗದ ಮನೆಯವರಿಗೆ ಒಂದು ಸಲಹೆ. ಪೈಪು ಹೂತ ಪ್ರತಿ ಗೋಡೆಯ ಮುಂದೆ ಅಳತೆಯ ಟೇಪ್ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಶೆಲ್ಫ್ ಹೊಡೆಯುವಾಗ ಡ್ರಿಲ್ಲು ನೀರಿನ ಪೈಪಿಗೆ ನುಗ್ಗುವುದನ್ನು ತಪ್ಪಿಸುವುದು ಆ ಫೋಟೊಗಳೇ.

"ಒಟ್ಟಿಗೆ ಮಾಡಿಸಿದರೆ ಅಗ್ಗ"

ಅರ್ಧ ನಿಜ. ಸಾರುವೆ ಕಟ್ಟಿ ಹೊರಗೋಡೆಗೆ ಬಣ್ಣ ಬಳಿಯುವುದು, ನೆಲ ಪಾಲಿಶ್ ಮಾಡಿಸುವುದು, ಕಿಟಕಿಗಳ ಗ್ರಿಲ್ ಮತ್ತು ಸೊಳ್ಳೆಪರದೆ ಇವೆಲ್ಲ ಒಟ್ಟಿಗೆ ಮಾಡಿಸಿದರೆ ಉಳಿತಾಯವೇ. ಆದರೆ ಕೈಯಲ್ಲಿ ದುಡ್ಡಿಲ್ಲದೆ ಪರ್ಸನಲ್ ಲೋನ್ ತೆಗೆದು ಇಂಟೀರಿಯರ್ ಮಾಡಿಸಿದರೆ, ಹೋಮ್ ಲೋನಿಗಿಂತ ಹೆಚ್ಚಿನ ಅದರ ಬಡ್ಡಿ ಆ ಉಳಿತಾಯವನ್ನು ನುಂಗಿಹಾಕುತ್ತದೆ. ವಾಸಕ್ಕೆ ಬರುವ ಮೊದಲೇ ಮಾಡಿಸಿದ ವಾರ್ಡ್‌ರೋಬ್ ಎಷ್ಟೋ ಸಲ ತಪ್ಪು ಜಾಗದಲ್ಲಿ ಕೂತಿರುತ್ತದೆ. ಪಡುವಣ ಗೋಡೆಯ ಕೋಣೆ ಏಪ್ರಿಲ್ ಸಂಜೆ ಎಷ್ಟು ಕಾಯುತ್ತದೆ, ಯಾವ ಕಿಟಕಿಯ ಸಜ್ಜಾದಿಂದ ಎರಚಲು ಒಳಗೆ ಬರುತ್ತದೆ ಎಂಬುದು ನಕ್ಷೆಯಲ್ಲಿ ತಿಳಿಯುವುದಿಲ್ಲ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಬೇಕು. ಕರಾವಳಿ, ಮಲೆನಾಡಿನಲ್ಲಿ ಜೂನ್, ಜುಲೈ ಸಾಕು. ಬೆಂಗಳೂರಿನವರು ಸೆಪ್ಟೆಂಬರ್, ಅಕ್ಟೋಬರ್ ಮಳೆಯನ್ನೂ ನೋಡಬೇಕು. ಮೊದಲ ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತೆಂದು ಕೂಡಲೇ ಉಜ್ಜಿಸಲೂ ಬೇಡಿ. ಮರ ತೇವ ಕುಡಿದು ಹಿಗ್ಗಿರುತ್ತದೆ. ಬೇಸಿಗೆಗೆ ಕುಗ್ಗಿದಾಗ ಸಂದು ಬಿಡುತ್ತದೆ.

"ವಾಟರ್‌ಪ್ರೂಫ್ ಪ್ಲೈವುಡ್, ಗ್ಯಾರಂಟಿ ಸಾರ್"

ಅಂಗಡಿಯವರ ಬಾಯಲ್ಲಿ ಎಲ್ಲ ಪ್ಲೈವುಡ್ಡೂ ವಾಟರ್‌ಪ್ರೂಫೇ. ಹಲಗೆಯ ಮೇಲಿನ ಮುದ್ರೆ ಬೇರೆ ಹೇಳುತ್ತದೆ. ಎಂಆರ್ ಎಂದಿದ್ದರೆ ಗಾಳಿಯ ತೇವವನ್ನು ತಡೆದೀತು, ಸಿಂಕಿನ ಕೆಳಗಿನ ಸೋರಿಕೆಯನ್ನಲ್ಲ. ಹಾಲ್, ಬೆಡ್‌ರೂಮಿಗೆ ಅದು ಸಾಕು. ಅಡುಗೆಮನೆಯ ಕೆಳಗಿನ ಕಬೋರ್ಡುಗಳಿಗೆ ಐಎಸ್ 710 ಮುದ್ರೆಯ ಮರೀನ್ ಪ್ಲೈವುಡ್ ಬೇಕು. ಇಡೀ ಮನೆಗೆ 710 ಹಾಕಿಸುವುದು ದುಡ್ಡು ದಂಡ.

ಹೊಸ ಕಬೋರ್ಡು ತೆರೆದಾಗ ಕಣ್ಣುರಿಸುವ ವಾಸನೆಯನ್ನು ಹೊಸತನದ ಘಮ ಎಂದುಕೊಳ್ಳುವವರೂ ಇದ್ದಾರೆ. ಅದರಲ್ಲಿ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಇರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದು 2004ರಲ್ಲಿ. ಕಾಲ ಕಳೆದಂತೆ ಅದು ಕಡಿಮೆಯಾಗುತ್ತದೆ. ಮನೆ ತುಂಬ ಒಂದೇ ತಿಂಗಳಲ್ಲಿ ಪ್ಲೈವುಡ್ ತುಂಬಿ, ಕಿಟಕಿ ಮುಚ್ಚಿ, ಎಸಿ ಹಾಕಿಕೊಂಡು ಎಳೆಮಗುವಿನೊಡನೆ ಮಲಗುವುದಂತೂ ಬೇಡ. ಹಂತಹಂತವಾಗಿ ಮಾಡಿಸಿದರೆ ಗಾಳಿಯಾಡಲು ಸಮಯ ಸಿಗುತ್ತದೆ.

"ಫಾಲ್ಸ್ ಸೀಲಿಂಗ್ ಹಾಕಿದರೆ ಮನೆ ತಂಪು"

ಮೇಲಿನ ಮಹಡಿಯಲ್ಲಿ ಅಲ್ಪಸ್ವಲ್ಪ ಪ್ರಯೋಜನ ಉಂಟು. ಆದರೆ ಬಿಸಿಲು ಬೀಳುವುದು ತಾರಸಿಯ ಮೇಲೆ. ಶಾಖವನ್ನು ಅಲ್ಲೇ ತಡೆಯಬೇಕು. ತಾರಸಿಗೆ ಬಿಸಿಲು ಪ್ರತಿಫಲಿಸುವ ಬಿಳಿ ಲೇಪ ಹಚ್ಚಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ತಂಪು. ಎತ್ತರವನ್ನೂ ನೋಡಿಕೊಳ್ಳಿ. ವಾಸದ ಕೋಣೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಕನಿಷ್ಠ ಎತ್ತರ 2.75 ಮೀಟರ್, ಅಂದರೆ ಸುಮಾರು ಒಂಬತ್ತು ಅಡಿ. ಹತ್ತಡಿಯ ಕೋಣೆಯಲ್ಲಿ ಒಂದಡಿ ಇಳಿಸಿದರೆ ಅಲ್ಲಿಗೆ ಮುಗಿಯಿತು. ಇನ್ನು ತಾರಸಿ ಸೋರಿದರೆ ಜಿಪ್ಸಮ್ ಹಲಗೆ ಮೊದಲು ಅದನ್ನು ಮುಚ್ಚಿಡುತ್ತದೆ, ಆಮೇಲೆ ತಾನೂ ಕುಸಿಯುತ್ತದೆ.

ಹಾಗಾಗಿ ಮುಂದೂಡಬಾರದ ಕೆಲಸಗಳು ಮೂರೇ: ತಾರಸಿ ಮತ್ತು ಬಚ್ಚಲುಗಳ ವಾಟರ್‌ಪ್ರೂಫಿಂಗ್, ಸರಿಯಾದ ಅರ್ಥಿಂಗಿನ ಜೊತೆ ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪ್ಸಿನ ಆರ್‌ಸಿಸಿಬಿ, ಗೋಡೆಯೊಳಗಿನ ಪೈಪುಗಳು. ಗೃಹಪ್ರವೇಶಕ್ಕೆ ಇಷ್ಟಾಗಿದ್ದರೆ ಮನೆ ಮುಗಿದಂತೆಯೇ. ಷೋಕೇಸಿಗೆಂದು ಎತ್ತಿಟ್ಟ ದುಡ್ಡು ಕೈಯಲ್ಲಿದ್ದು ತಾರಸಿ ಇನ್ನೂ ಹಾಗೇ ಇದ್ದರೆ, ದಯವಿಟ್ಟು ಅದನ್ನು ಮೊದಲು ತಾರಸಿಗೆ ಹಾಕಿ.